ಔಡಲ ಬೀಜ

ಶಿವಮೊಗ್ಗದ ಖಜಾನೆಯಲ್ಲಿ ಊಟದ ಹೊತ್ತು.
'ಬದುಕಿದ್ದೇನೆ' ಎಂಬ ಅರ್ಜಿ ಚೀಲದಲ್ಲಿಟ್ಟುಕೊಂಡು
ಬಿಸಿಲು ತಾಳದೆ ಹೊಕ್ಕಿದ್ದು
ಹೊಳೆ ದಾರಿಯ ಹಳೇ ಅಕ್ಕಿ ಗಿರಣಿ.
ಬಾಗಿಲಲ್ಲಿ ಬ್ಯಾನರು: ಕಲಾ ಪ್ರದರ್ಶನ, ಪ್ರವೇಶ ಉಚಿತ.
ಒಳಗೆ ಇನ್ನೂ ತೌಡಿನ ವಾಸನೆ.

ಒಂದು ಕುದುರೆ, ಎರಡು ಹೂದಾನಿ, ಯಾರದೋ ಗಡ್ಡ.
ಮೂಲೆ ತಿರುಗಿದರೆ
ಅವಳು ಕೂತಿದ್ದಳು.

ಮುಖ ಮುಸಿಯನದು, ಕಪ್ಪು. ಮೈ ತುಂಬ ತೆಂಗಿನ ನಾರು.
ಕೈ ಮಾತ್ರ ಹೆಂಗಸಿನದು:
ಉಗುರು ಸವೆದ, ಗಂಟು ಬಿದ್ದ, ಪಾತ್ರೆ ತಿಕ್ಕಿದ ಕೈ.
ಮಡಿಲಲ್ಲಿ ಮನುಷ್ಯರ ಕೂಸು, ಜೇನುಮೇಣದ್ದು,
ಕಿವಿ ಇನ್ನೂ ಚುಚ್ಚಿಸಿಲ್ಲ.
ಹೆಬ್ಬೆಟ್ಟು ತೋರುಬೆರಳ ನಡುವೆ ಹಿಡಿದು
ಅದರ ಬೆನ್ನಿನಿಂದ ಉಣುಗು ಕೀಳುತ್ತಿದ್ದಳು.

ಉಬ್ಬಿದ ಉಣುಗು. ಹೊಟ್ಟೆ ತುಂಬ ರಕ್ತ.
ಎರಡು ಹೆಜ್ಜೆ ಹಿಂದೆ ಸರಿದೆ,
ಕೈ ತಾನೇ ಸೆರಗಿನೊಳಗೆ ಹೋಯಿತು.
ಇಪ್ಪತ್ತೊಂಬತ್ತು ವರ್ಷದ ನೌಕರಿ, ಸುಮ್ಮನೆ ಹೋಗುತ್ತದೆಯೆ?

ಬಾಗಿ ನೋಡಿದರೆ ಔಡಲ ಬೀಜ.
ಅದೇ ಹೊಳಪು, ಅದೇ ಕಂದು ಮಚ್ಚೆ, ಅಷ್ಟೇ ಚಿಕ್ಕ ತಲೆ.
ಎಷ್ಟು ಔಡಲೆಣ್ಣೆ ಕಾಯಿಸಿದ್ದೇನೆ ಮನೆಯಲ್ಲಿ,
ಒಂದು ದಿನವೂ ಹೊಳೆದಿರಲಿಲ್ಲ.

ಚೀಟಿಯಲ್ಲಿ ಬರೆದಿತ್ತು:
ಹಲಸು, ನಾರು, ಮೇಣ. ಪದ್ಮಿನಿ ಗುಡಿಗಾರ್, ಸೊರಬ.
ಕೆಳಗೆ ಕೆಂಪಕ್ಷರದಲ್ಲಿ: ಮುಟ್ಟಬೇಡಿ.

ಮುಟ್ಟಬೇಡಿ.
ಇದನ್ನು ನಾನು ಜೀಪಿನ ಮೈಕಿನಲ್ಲಿ ಕೂಗಿದ್ದೇನೆ,
ಸೊಪ್ಪಿಗೆ ಹೋಗುವವರಿಗೆ, ದನ ಮೇಯಿಸುವ ಹುಡುಗರಿಗೆ,
ಸತ್ತ ಮಂಗ ಕಂಡರೆ ಬಂದು ಹೇಳಿ, ಮುಟ್ಟಬೇಡಿ,
ಎಣ್ಣೆ ಹಚ್ಚದೆ ಕಾನು ಹೊಗಬೇಡಿ.
ಒಂದು ಹಂಗಾಮಿಗೆ ದನಿ ಒಡೆದು
ಮನೆಯಲ್ಲಿ ಸನ್ನೆಯಲ್ಲೇ ಮಾತಾಡಿದ್ದೆ.

ಒಂದು ಮಾರ್ಚಿನಲ್ಲಿ
ಸತ್ತ ಮರಿಯನ್ನು ಕೆಳಗಿಡದೆ ಕೂತಿದ್ದಳೊಬ್ಬಳು ಮತ್ತಿಮರದಡಿ.
ಅವಳಿಗೂ ಜ್ವರ; ಮರ ಹತ್ತಲಾರಳು.
ಎರಡು ದಿನ ಕಾದೆವು, ನಾನು, ಕೆರಿಯಪ್ಪ, ಸೀಮೆಎಣ್ಣೆ ಡಬ್ಬಿ.
ನೊಣ ಓಡಿಸುತ್ತಿದ್ದಳು. ತುಪ್ಪಳ ಬಿಡಿಸಿ ಬಿಡಿಸಿ
ಹೆಕ್ಕುತ್ತಿದ್ದಳು, ಬದುಕಿರುವ ಮರಿಗೆ ಹೆಕ್ಕುವ ಹಾಗೆಯೇ,
ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುತ್ತ.
ಮೂರನೇ ಬೆಳಿಗ್ಗೆ ಇಬ್ಬರನ್ನೂ ಒಟ್ಟಿಗೇ ಸುಟ್ಟೆವು.
ಬಿಡಿಸಲು ಹೋಗಲಿಲ್ಲ ಕೆರಿಯಪ್ಪ.
"ಇರ್ಲಿ ಬಿಡಿ ಸಿಸ್ಟರ್," ಅಂದ.
ಪುಸ್ತಕದಲ್ಲಿ ಬರೆದೆ: ಮಂಗ, ಎರಡು.

ಅಷ್ಟೇ ಬರೆದದ್ದು.

ಇವಳು ನನ್ನ ಕಡೆ ನೋಡುತ್ತಿಲ್ಲ.
ಕೂಸಿನ ಬೆನ್ನು ಬಿಟ್ಟರೆ ಬೇರೆ ಊರಿಲ್ಲ ಅವಳಿಗೆ.
ಹೇಸಿಗೆ ಬರಬೇಕಿತ್ತು, ಬಂತು ಕೂಡ;
ಅದರ ಬೆನ್ನಿಗೇ, ನನ್ನ ಬೆನ್ನು
ಯಾರಾದರೂ ಹೀಗೆ ನೋಡಿ ಎಷ್ಟು ಕಾಲವಾಯಿತು ಅನಿಸಿತು.

ಕೂಸಿನ ಕಿವಿಯ ಹಿಂದೆ ಒಂದು ಬೀಜ ಉಳಿದಿದೆ.
ಅವಳ ಕಣ್ಣಿಗೆ ಬಿದ್ದಿಲ್ಲ.
"ಅಮ್ಮಾ, ಮುಟ್ಬಾರ್ದು," ಅಂದ ಕುರ್ಚಿಯ ಮೇಲಿನ ಹುಡುಗ,
ಮೊಬೈಲಿನಿಂದ ತಲೆಯೆತ್ತದೆ.
ಗೊತ್ತಪ್ಪ, ಅಂದೆ.

ಮೂರಕ್ಕೆ ಖಜಾನೆ ತೆರೆಯಿತು.
ಹೆಬ್ಬೆಟ್ಟು ಇಟ್ಟರೆ ಯಂತ್ರ ಒಪ್ಪಲಿಲ್ಲ, ಎರಡು ಸಲ.
ಗುಮಾಸ್ತೆ ನನ್ನ ಬೆರಳನ್ನು ಬೆಳಕಿಗೆ ತಿರುಗಿಸಿ ನೋಡಿದಳು.
"ಏನೋ ಮೇಣ ಮೆತ್ತಿಕೊಂಡಿದೆ," ಅಂದಳು,
"ಒರೆಸಿ ಇಡಿ."