ಗಾಣದ ಮನೆಯ ಅಳತೆ

ಬಾಗಿಲು: ಎರಡು ಮುಕ್ಕಾಲು ಅಡಿ.
ಗಾಣದ ಕಲ್ಲು: ನಾಲ್ಕೂವರೆ, ಬಾಯಿಯ ಹತ್ತಿರ.
ಎರಡು ಸಲ ಟೇಪು ಹಿಡಿದೆ, ಮೂರನೇ ಸಲ ಗೇಣು ಹಾಕಿದೆ.
ಲೆಕ್ಕ ಬದಲಾಗಲಿಲ್ಲ.

"ಹಾಗಾದರೆ ಒಳಗೆ ಹೇಗೆ ತಂದರು?" ಅಂದೆ.
ಹುಣಸೆಬೀಜ ಬಿಡಿಸುತ್ತಿದ್ದ ಮುನಿಯಕ್ಕ
ತಲೆ ಎತ್ತದೆ ಹೇಳಿದಳು:
"ಕಲ್ಲು ಎಲ್ಲಿಗೂ ಬರಲಿಲ್ಲಪ್ಪ. ಮನೆಯೇ ಬಂತು."

ಗುಡಿಬಂಡೆಯಾಚೆ, ಹುರುಳಿಗಿಂತ ಕಲ್ಲೇ ಹುಲುಸಾದ ಬಯಲಲ್ಲಿ
ಮೊದಲಿದ್ದದ್ದು ಉರುಳಿ ನಿಂತ ಒಂದು ಗುಂಡು.
ಅದರ ಹೊಟ್ಟೆ ತೋಡಿದರು, ಎತ್ತು ಕಟ್ಟಿದರು,
ಎತ್ತು ಸುತ್ತಿತು.
ಬಿಸಿಲಿಗೆಂದು ನಾಲ್ಕು ಕಂಬ, ಮಳೆಗೆ ಚಪ್ಪಡಿ,
ಎಣ್ಣೆಗೆ ಕಾವಲಾಗಿ ಗೋಡೆ,
ಗೋಡೆ ಇದ್ದಮೇಲೆ ಒಲೆ, ಒಲೆ ಇದ್ದಮೇಲೆ ತೊಟ್ಟಿಲು.

ಹಾಗಾಗಿ ಈ ಮನೆಗೆ ಮೂಲೆಮಟ್ಟ ಕೂಡುವುದಿಲ್ಲ.
ನಡುಮನೆ ದುಂಡಗಿದೆ, ಎತ್ತು ನಡೆದಷ್ಟೇ ದುಂಡಗೆ.
ಕಂಬವೊಂದು ಸಾಲು ತಪ್ಪಿ ನಿಂತಿದೆ
ಕೊಂಬಿಗೆ ದಾರಿ ಬಿಟ್ಟು.
ಆಯ ಹಾಕಿದವನು ಯಾರೋ,
ಪಂಚಾಂಗ ನೋಡಲಿಲ್ಲ, ನೊಗ ನೋಡಿದ.
ಗೋಡೆಯಲ್ಲಿ ನನ್ನ ಎದೆಮಟ್ಟಕ್ಕೆ
ಒಂದು ಪಟ್ಟಿ ಹೊಳೆಯುತ್ತದೆ. ಗಾರೆಯಲ್ಲ, ಸುಣ್ಣವಲ್ಲ,
ಕಣ್ಣು ಕಟ್ಟಿಸಿಕೊಂಡವು ಒಂದರ ಹಿಂದೊಂದು
ಭುಜ ಉಜ್ಜಿ ಹೋದದ್ದು.
ನಕ್ಷೆಯಲ್ಲಿ ಅದಕ್ಕೆ ಯಾವ ಗೆರೆ ಎಳೆಯಲಿ?

ಕೊಟ್ಟಿಗೆಗೂ ಮಲಗುವ ಕೋಣೆಗೂ ನಡುವೆ
ಗೇಣಗಲದ ಒಂದು ಕಿಂಡಿ.
'ಗಾಳಿಗೆ' ಅಂತ ಬರೆದುಕೊಂಡೆ.
"ಗಾಳಿಗಲ್ಲ. ರಾತ್ರಿ ಮೆಲುಕಿನ ಸದ್ದು ನಿಂತರೆ
ನಮ್ಮತ್ತೆಗೆ ಎಚ್ಚರ ಆಗ್ತಿತ್ತು."
ಬರೆದದ್ದನ್ನು ಹೊಡೆದುಹಾಕಿದೆ.

ಸುಳ್ಳು ಯಾಕೆ, ನಾನು ಮನೆ ನೋಡಲು ಬಂದವನಲ್ಲ.
ಬೆಟ್ಟದ ಬುಡದ ರೆಸಾರ್ಟಿನವರಿಗೆ ಈ ಕಲ್ಲು ಬೇಕು,
ಹುಲ್ಲುಹಾಸಿನ ನಡುವೆ ನಿಲ್ಲಿಸಿ
ಬಾಯಿಂದ ನೀರು ಚಿಮ್ಮಿಸಲು.
ಕ್ರೇನಿನ ಇಲಿಯಾಸ್ ಹೊರಗೆ ಬೀಡಿ ಹಚ್ಚಿ ಕೂತಿದ್ದಾನೆ.
ಬಾಗಿಲಲ್ಲಿ ಆಗದ್ದು ಸೂರಿನಿಂದ ಆದೀತು;
ಯಾವ ಚಪ್ಪಡಿ ತೆಗೆಯಬೇಕು ಅಂತ
ಗುರುತು ಹಾಕುವುದಷ್ಟೇ ನನ್ನ ಕೂಲಿ.

ಏಣಿ ಹತ್ತಿ ಟಾರ್ಚು ಬಿಟ್ಟೆ.
ನಡುವಿನ ಚಪ್ಪಡಿ ಹದಿನಾಲ್ಕು ಅಡಿ ಉದ್ದ,
ಒಂದು ತುದಿ ಅಡುಗೆಮನೆಯ ಗೋಡೆಯೊಳಗೆ,
ಇನ್ನೊಂದು ತುದಿ ಗೋಡೆ ತೂರಿ ಆಚೆ ಹೋಗಿ
ಕೊಟ್ಟಿಗೆಯ ತೊಲೆಗೆ ಹೆಗಲು ಕೊಟ್ಟಿದೆ.
ಅದನ್ನು ಎಳೆದರೆ ಒಲೆಗೆ ತಲೆಯಿಲ್ಲ,
ಎರಡು ಸೀಮೆಹಸುವಿಗೆ ನೆರಳಿಲ್ಲ.
ಮೂರು ಮನೆಗೆ ಒಂದೇ ಬೆನ್ನುಮೂಳೆ ಇಟ್ಟು
ಹೋಗಿದ್ದಾನೆ, ಪುಣ್ಯಾತ್ಮ.

ಇಳಿದೆ. ಟೇಪು ಒಳಕ್ಕೆ ಹೋಗದೆ ಮೊಂಡು ಹಿಡಿಯಿತು.
ಗಾಣದ ಬಾಯೊಳಗೆ ಈಗ ಮುನಿಯಕ್ಕ
ರೇಷನ್ ಕಾರ್ಡು, ಬತ್ತಿಯ ಹತ್ತಿ, ಹೊಂಗೆಣ್ಣೆಯ ಸೀಸೆ ಇಡುತ್ತಾಳೆ.
ಒಂದು ತೊಟ್ಟು ಬಿಟ್ಟಳು. ಸರಕ್ಕನೆ ಸುತ್ತಿಕೊಂಡಿತು.
"ಎಷ್ಟು ಕೊಡ್ತಾರಂತೆ?" ಅಂದಳು ಆಗ.
ಹೇಳಿದೆ.
ಬೀಜದ ರಾಶಿ ನೋಡಿದಳು, ಸೂರು ನೋಡಿದಳು.
"ಕಡಿಮೆಯೇನಲ್ಲ" ಅಂದಳು.
ಮುಂದೇನೂ ಅನ್ನಲಿಲ್ಲ.

ರಾತ್ರಿ ದೀಪದೆದುರು ಹಾಳೆ ಬಿಚ್ಚಿ ಹಿಡಿದರೆ
ಸರಿಯಾಗಿ ಗಾಣದ ಜಾಗದಲ್ಲಿ ನನ್ನದೇ ಹೆಬ್ಬೆಟ್ಟು.
ಎಣ್ಣೆ ಕುಡಿದ ಕಾಗದ ಗಾಜಾಗಿ
ಆಚೆಯ ಬೆಳಕು ಈಚೆ ಇಳಿಯುತ್ತಿದೆ,
ನಾನು ಬರೆಯದ ಗವಾಕ್ಷಿ.
ಇಲಿಯಾಸನ ಫೋನು ಎರಡು ಸಲ ಬಂತು.
ಚಪ್ಪಡಿಗೆ ಇನ್ನೂ ಗುರುತು ಹಾಕಿಲ್ಲ.