ಗಾಳಿಯ ಲೆಕ್ಕ

ಶುಕ್ರವಾರ ಮಧ್ಯಾಹ್ನ, ಅಲ್ಗಾರ್ವ್ ಗುಡ್ಡದ ಮೇಲೆ,
ಹನ್ನೊಂದನೆಯ ತಿರುವಿನಲ್ಲಿ ಸಿಡಿದ ಟೈರು
ಗೋಣಿಯಲ್ಲಿ ಬಂತು ನನ್ನ ಮೇಜಿಗೆ.
ಇನ್ನೂ ಬಿಸಿ. ಸೀದ ಸಕ್ಕರೆಯ ವಾಸನೆ.
ಎರಡನೇ ಕಾರಿನ ಹುಡುಗನಿಗೆ ಮಣಿಕಟ್ಟು ಮುರಿದಿದೆ ಅಷ್ಟೆ,
ಅಂದರು. ಅಷ್ಟೆ.

ನಾನು ಜುಲ್ಮೀರಾ, ಟೈರು ಕೂರಿಸುವವಳು.
ಇಪ್ಪತ್ತೆರಡು ವರ್ಷದ ಕರಿ ಉಗುರಲ್ಲಿದೆ.
ಅಪ್ಪ ಇದೇ ಗುಡ್ಡಗಳಲ್ಲಿ ಕಾರ್ಕ್ ಮರದ ತೊಗಟೆ ಸುಲಿಯುತ್ತಿದ್ದ.
ಕೊಡಲಿ ಒಂದು ಕೂದಲೆಳೆ ಆಳ ಹೋದರೂ ಮರಕ್ಕೆ ಗಾಯ.
ಸುಲಿದ ಮೈಮೇಲೆ ಬಿಳಿ ಬಣ್ಣದಲ್ಲಿ
ಆ ವರ್ಷದ ಕೊನೆಯಂಕಿ ಬರೆದರೆ
ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ.
ಬೇಲಿಯಿಲ್ಲ, ನಾಯಿಯಿಲ್ಲ,
ಅಂಕಿಯೇ ಕಾವಲು.

ನಾನೂ ಅಂಕಿ ಬರೆಯುತ್ತೇನೆ, ಹಳದಿ ಮೇಣದ ಕಡ್ಡಿಯಲ್ಲಿ,
ಟೈರಿನ ಪಕ್ಕೆಗೆ: ಒಳಗೆ ಇಷ್ಟು ಗಾಳಿ.

ಸಂಜೆ ಡೇರೆಯಲ್ಲಿ ಸಭೆ. ನನ್ನನ್ನು ಕರೆದದ್ದು
ತುಂಡು ಹಿಡಿದು ನಿಲ್ಲಲಿಕ್ಕೆ, ಮಾತಾಡಲಿಕ್ಕಲ್ಲ.
ಟೈರು ಕಂಪನಿಯ ಫೊಂತನೆಲ್ಲಿ ಅಂದ: ಗಾಳಿ ಕಡಿಮೆ ತುಂಬಿದ್ದಾರೆ.
ನಮ್ಮ ಯಜಮಾನ ಅರ್ಬತ್‌ನಾಟ್ ಅಂದ: ರಸ್ತೆಯಂಚಿನ ಕಟ್ಟೆ ಚೂಪಾಗಿದೆ.
ಟ್ರ್ಯಾಕಿನವರು ಅಂದರು: ಬಿಸಿಲು.
ಬಿಸಿಲಿಗೆ ಅಲ್ಲಿ ವಕೀಲರಿರಲಿಲ್ಲ.

ಬೇರೆ ಕಂಪನಿಯ ಟೈರಿನ ನಾಲ್ಕು ತಂಡಗಳು
ಕಾಲಮೇಲೆ ಕಾಲು ಹಾಕಿ ಕಾಫಿ ಕುಡಿದವು.
ತಿರುವಿಗೊಂದು ಅಡ್ಡಗಟ್ಟೆ ಇಡಿ, ವೇಗ ಇಳಿಯಲಿ ಎಂದರೆ
‘ನಮ್ಮ ಟೈರಿಗೇನಾಗಿದೆ?’
ಹೋದ ವರ್ಷ ಸಿಡಿದದ್ದು ಅವರದು,
ಕಾಫಿ ನಮ್ಮದು.
ಸುರಕ್ಷತೆ ಎಂಬ ಮಾತು ಉಪ್ಪಿನ ಡಬ್ಬಿಯ ಹಾಗೆ
ಮೇಜಿನ ಸುತ್ತ ಕೈಯಿಂದ ಕೈಗೆ ಹೋಯಿತು,
ಅವರವರ ತಟ್ಟೆಗೆ ಬೇಕಾದಷ್ಟು ಉದುರಿಸಿಕೊಂಡರು.
ಗಾಳಿ ಬಂದಾಗ ತೂರಿಕೊಳ್ಳುವವರು.
ಕಾಳು ಯಾರದೋ.

ನನಗೆ ಗೊತ್ತಿತ್ತು.
ಹೊದಿಕೆ ಸುತ್ತಿ ಟೈರನ್ನು ಅತಿಯಾಗಿ ಕಾಯಿಸಿದರೆ
ಅಳೆಯುವ ಅಧಿಕಾರಿ ಬಂದಾಗ ಉಬ್ಬಿ ಸರಿ ತೋರುತ್ತದೆ,
ಅವನು ಬೆನ್ನು ತಿರುಗಿಸಿದ ಮೇಲೆ ಆರಿ ಕುಗ್ಗುತ್ತದೆ.
ಪ್ರತಿ ಸುತ್ತಿನಲ್ಲೂ ಚಿಟಿಕೆ ಹೊಡೆಯುವಷ್ಟು ಹೊತ್ತಿನ ಲಾಭ.
ಹೊದಿಸಿದವಳು ನಾನು. ಬರೆದವಳು ನಾನು.
ಬರೆದದ್ದು ಸುಳ್ಳಲ್ಲ, ಬರೆಯುವ ಹೊತ್ತಿಗೆ.

ಪಕ್ಕೆಯ ಒಳಗೆ ಬೆರಳಗಲದ ಜಾಗದಲ್ಲಿ
ನೂಲಿಗೆ ರಬ್ಬರು ಅಂಟಿರಲಿಲ್ಲ, ಅದೂ ನಿಜ.
ಕಟ್ಟೆ ಚೂಪಿತ್ತು, ಅದೂ ನಿಜ.
ಎಲ್ಲರ ಕೈಯಲ್ಲೂ ಒಂದೊಂದು ಚೂರು ನಿಜವಿತ್ತು,
ಹಾಗಾಗಿ ಯಾರೂ ನಾಚಲಿಲ್ಲ.

ರಾತ್ರಿ ಹನ್ನೆರಡಕ್ಕೆ ಒಂದು ಪುಟದ ಹೇಳಿಕೆ:
ಕಾರಣಗಳು ಹಲವು. ಗಾಳಿ ಎರಡು ಪಾಯಿಂಟು ಏರಿಸಿ.
ಓಟ ನಡೆಯಲಿ.
ಅರ್ಬತ್‌ನಾಟ್ ನನ್ನ ಭುಜ ತಟ್ಟಿದ.
ಎರಡು ಪಾಯಿಂಟಿನಷ್ಟು ಇನ್ನೂ ಬಿಸಿ ಕಾಯಿಸು ಎಂದು ಅರ್ಥ.

ಭಾನುವಾರ ಯಾಲ್ಮಾರಿ ಹೆಲ್ಮೆಟ್ ಕಂಕುಳಲ್ಲಿಟ್ಟು ಬಂದ.
ಮಾತು ಕಡಿಮೆಯ ಫಿನ್‌ಲ್ಯಾಂಡಿನವನು.
ಬಗ್ಗಿ ನನ್ನ ಹಳದಿ ಅಂಕಿ ಓದಿದ.
‘ಜುಲ್ಮೀರಾ, ಇದು ಎಷ್ಟು ಗಂಟೆಯ ಅಂಕಿ?’

ಉತ್ತರ ಹೇಳಲಿಲ್ಲ ನಾನು.
ಹೊದಿಕೆಯ ತಂತಿ ಕಾಲಿಗೆ ತೊಡರಿ ಕಿತ್ತುಬಂತು ಅಂತ
ಆಮೇಲೆ ಬರೆದುಕೊಟ್ಟಿದ್ದೇನೆ.
ಕಾಲು ಗಂಟೆ. ಅಧಿಕಾರಿ ಬಂದ, ಅಳೆದ,
ಮತ್ತೊಮ್ಮೆ ಅಳೆದ.
ಎಲ್ಲರ ಕಣ್ಣೆದುರು ಗಾಳಿ ತುಂಬಿದೆ,
ಇದ್ದದ್ದನ್ನು ಬರೆದೆ.

ಹದಿಮೂರನೆಯವನಾಗಿ ಬಂದ ಯಾಲ್ಮಾರಿ, ನಾಲ್ಕೂ ಚಕ್ರದ ಮೇಲೆ.
ಸೋಮವಾರ ನನ್ನ ಬೀಗದ ಕೈ ವಾಪಸು ಕೇಳಿದರು.

ಈಗ ಗಾಳಿಮಾತು: ಆ ಇನ್ನೊಂದು ಕಂಪನಿ ನನಗೆ ದುಡ್ಡು ಕೊಟ್ಟಿತಂತೆ.
ಎಷ್ಟಂತೆ, ಅಂತ ಕೇಳಿದೆ.
ಹೇಳಿದವನಿಗೂ ಗೊತ್ತಿಲ್ಲ.
ಆ ಗಾಳಿಯನ್ನು ಅಳೆಯುವ ಯಂತ್ರ ನನ್ನಲ್ಲಿಲ್ಲ.

ಮೇಣದ ಕಡ್ಡಿ ಮಾತ್ರ ಜೇಬಲ್ಲೇ ಉಳಿದು ಮನೆಗೆ ಬಂದಿದೆ.
ನಿನ್ನೆ ಆಲಿವ್ ಕಾಯಿ ಉಪ್ಪುನೀರಿಗೆ ಹಾಕಿ
ಜಾಡಿಗಳ ಮೇಲೆ ತಾರೀಖು ಬರೆದೆ.
ಗಂಟೆಯನ್ನೂ.