ಮುಂದೆ ಬರುವ ಬಾಡಿಗೆಯವರಿಗೆ

ಬೀಗದ ಕೈ ಮೇಲಿನ ಮನೆಯ ಸಾವಂತ್ರಮ್ಮನ ಹತ್ತಿರ ಇದೆ.
ಎಡಕ್ಕೆ ಒಂದು ಸುತ್ತು, ಬಾಗಿಲು ಸ್ವಲ್ಪ ಎತ್ತಿ, ಆಮೇಲೆ ನೂಕಿ.
ಈ ಹಾಳೆ ಡಿಪೋದ್ದು. ಹಿಂಬದಿ ಖಾಲಿಯಿತ್ತು.
ಖಾಲಿ ಇರುವುದನ್ನು ಬಿಸಾಡುವುದು ನನ್ನ ಕೈಲಾಗದು.

ಹಾಸನದ ಚಳಿಗೆ ನೀವು ಹೊಸಬರೋ ಏನೋ.
ಬಡವರ ಊಟಿ ಅಂತಾರೆ ಈ ಊರನ್ನು.
ಊಟಿ ಡಿಸೆಂಬರಿನಲ್ಲಿ ಬಂದು ಹೋಗುತ್ತದೆ,
ಬಡವರು ನಾವು ವರ್ಷವಿಡೀ ಇರುತ್ತೇವೆ.
ಪೆನ್ಷನ್ ಮೊಹಲ್ಲಾದ ಗಾಳಿಯೆಲ್ಲ ನುಗ್ಗುವುದು
ಬಾಗಿಲ ಕೆಳಗಿನ ಎರಡು ಬೆರಳ ಸಂದಿಯಲ್ಲೇ.
ಹಳೇ ಖಾಕಿ ಪ್ಯಾಂಟಿನ ಒಂದು ಕಾಲು ಕತ್ತರಿಸಿ
ಭತ್ತದ ಹೊಟ್ಟು ತುಂಬಿ ಹೊಲಿದಿಟ್ಟಿದ್ದೇನೆ,
ರಾತ್ರಿ ಅದನ್ನು ಕಾಲಲ್ಲಿ ಒತ್ತಿ ಸಂದಿಗೆ ಸೇರಿಸಿ ಮಲಗಿ.
ಹೀಟರಿಗೆ ಅಂತ ಎತ್ತಿಟ್ಟ ದುಡ್ಡು ಹಾಗೇ ಉಳಿಯಿತು.
ಸುಳ್ಳು. ಹಲ್ಲಿನ ಡಾಕ್ಟರಿಗೆ ಹೋಯಿತು.

ಅಡುಗೆಮನೆ ಕಿಟಕಿಗೆ ಏಳೂಕಾಲಿಗೆ ಬಿಸಿಲು.
ಎಂಟೂವರೆಗೆ ಪಕ್ಕದವರ ನೀರಿನ ಟ್ಯಾಂಕು ಅದನ್ನು ನುಂಗುತ್ತದೆ.
ಅಷ್ಟರೊಳಗೆ ಉಪ್ಪಿನ ಡಬ್ಬಿ, ಸಾರಿನ ಪುಡಿ,
ನಿಮ್ಮ ಬೆನ್ನು, ಮೂರನ್ನೂ ಅಲ್ಲಿಡಿ.

ಸಿಲಿಂಡರಿನ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ.
ಹುರುಳಿಕಾಳು ರಾತ್ರಿಯೇ ನೆನೆಯಲಿ.
ಎರಡು ಸೀಟಿಗೆ ಒಲೆ ಆರಿಸಿ,
ಕುಕ್ಕರಿಗೆ ಕಂಬಳಿ ಸುತ್ತಿ, ಬಾಣಂತಿ ಕೋಣೆಯ ಕೂಸಿಗೆ ಸುತ್ತಿದ ಹಾಗೆ,
ಮೂಲೆಯ ಮರದ ಪೆಟ್ಟಿಗೆಯಲ್ಲಿಟ್ಟು ಸ್ನಾನಕ್ಕೆ ಹೋಗಿ.
ಇಂಜಿನ್ ಆರಿಸಿದ ಮೇಲೂ ಬಾನೆಟ್ ಎಷ್ಟು ಹೊತ್ತು ಬಿಸಿ ಎಂದು
ಇಪ್ಪತ್ತೆರಡು ವರ್ಷ ಅಂಗೈಯಿಟ್ಟು ನೋಡಿದವನು ನಾನು;
ಆ ಬಿಸಿಯಲ್ಲಿ ಕಾಳು ಬೇಯುತ್ತದೆ ಎಂದು ಹೊಳೆದದ್ದು
ಮೊನ್ನೆ ಮೊನ್ನೆ.
ಅರವತ್ತೆಂಟು ದಿನ ಬಂದಿದೆ ಒಂದು ಸಿಲಿಂಡರು, ಇಬ್ಬರಿಗೆ.
ದಿನಾ ಕುದಿಸಿದರೆ ಕಟ್ಟಿನ ಸಾರು ಮೂರನೇ ದಿನಕ್ಕೆ ರುಚಿ,
ನಾಲ್ಕನೇ ದಿನಕ್ಕೆ ಜಗಳ.

ಆಲೂಗಡ್ಡೆಗೆ ಕಟ್ಟಿನಕೆರೆ ಮಾರ್ಕೆಟ್ಟಿಗೆ ಸಂಜೆ ಐದರ ಮೇಲೆ ಹೋಗಿ.
ಗುದ್ದಲಿ ತಾಗಿದ್ದನ್ನು ಬೇರೆ ಗುಡ್ಡೆ ಹಾಕಿರುತ್ತಾರೆ, ಅರ್ಧ ಬೆಲೆ.
ಗಾಯ ಕೆತ್ತಿ ತೆಗೆದರೆ ಉಳಿದದ್ದು ಆಲೂಗಡ್ಡೆಯೇ.
ನನಗೀಗ ಸಕ್ಕರೆ ಕಾಯಿಲೆ, ನೋಡುವುದಷ್ಟೇ.
ಆಟೋ ಬಿಡಿ, ಮಹಾರಾಜ ಪಾರ್ಕಿನ ತನಕ ನಡೆದು ಬನ್ನಿ.
ಯಾರ ಮೇಲಾದರೂ ಸಿಟ್ಟಿದ್ದರೆ ಇನ್ನೂ ಒಳ್ಳೆಯದು,
ಬೇಗ ತಲುಪುತ್ತೀರಿ.

ಸಾವಂತ್ರಮ್ಮನಿಗೆ ಕಿವಿ ಮಂದ, ಬಾಯಿ ಅಲ್ಲ.
ವಾರಕ್ಕೊಮ್ಮೆ ಒಂದು ಲೋಟ ಮಜ್ಜಿಗೆ ಕೊಟ್ಟರೆ
ತಾರಸಿಯ ತಂತಿ ನಿಮ್ಮದು, ಕರಿಬೇವಿನ ಗಿಡ ನಿಮ್ಮದು,
ಓಣಿಯ ಸುದ್ದಿಯೂ, ಬೇಡವೆಂದರೂ.

ನಲ್ಲಿ ತೊಟ್ಟಿಕ್ಕಿದರೆ ಸೈಕಲ್ ಟ್ಯೂಬಿನ ಬಿಲ್ಲೆ ಹಾಕಿ.
ಕತ್ತರಿಸಿದ್ದು ಐದು, ಮೀಟರಿನ ಮೇಲಿನ ಬೆಂಕಿಪೊಟ್ಟಣದಲ್ಲಿವೆ.
ಮೆಟ್ಟಿಲ ಕೆಳಗಿನ ಸಣ್ಣ ಬಲ್ಬಿನ ವೈರು ನಿಮ್ಮ ಮೀಟರಿನದೇ.
ಆರಿಸಬೇಡಿ. ಆಸ್ಪತ್ರೆಯ ಎರಡನೇ ಪಾಳಿ ಮುಗಿಸಿ
ಫಿರ್ದೋಸ್ ಹನ್ನೊಂದೂವರೆಗೆ ಹತ್ತುತ್ತಾಳೆ;
ನಾಲ್ಕನೇ ಮೆಟ್ಟಿಲು ಒಡೆದಿದೆ.
ಅದರ ಲೆಕ್ಕ ನಾನು ಎಲ್ಲೂ ಬರೆದಿಲ್ಲ.

ಉಳಿದ ಲೆಕ್ಕವೆಲ್ಲ ಅಕ್ಕಿ ಡಬ್ಬಿಯ ಹಿಂದಿನ ಗೋಡೆಯಲ್ಲಿದೆ,
ಪೆನ್ಸಿಲಿನಲ್ಲಿ, ಒಂಬತ್ತು ವರ್ಷದ್ದು.
ಸುಣ್ಣ ಹೊಡೆಯುವುದಾದರೆ ಹೊಡೆಯಿರಿ.
ಮೂರು ಕಡೆ ಕೂಡಿದ್ದು ತಪ್ಪಿದೆ.
ಅದರಲ್ಲಿ ಒಂದು ತಪ್ಪಿನ ದುಡ್ಡಲ್ಲೇ
ಬೇಲೂರಿಗೆ ಹೋಗಿ, ಹೋಟೆಲಲ್ಲಿ ಉಂಡು ಬಂದೆವು.

ಇಂತಿ, ಚೆಲುವಯ್ಯ, ಮೆಕ್ಯಾನಿಕ್,
ಈಗ ಅರಸೀಕೆರೆ ಡಿಪೋ.

*

ಇಷ್ಟುದ್ದ ಬರೆದರೂ ಒಂದನ್ನು ಬಿಟ್ಟಿದ್ದಾರೆ ಇವರು.
ಆ ಖಾಕಿ ಕಾಲನ್ನು ಆಗಾಗ ಬಿಚ್ಚಿ ನೋಡಿ.
ಹೋದ ಜನವರಿ ಅದರೊಳಗೆ ಇಲಿ ಮರಿ ಹಾಕಿತ್ತು, ಐದು.
ಆಚೆ ಹಾಕ್ರಿ ಎಂದೆ.
ಇವತ್ತು ಬೇಡ, ಚಳಿ ಜಾಸ್ತಿ ಎಂದರು.
ಹಾಗೇ ಹನ್ನೆರಡು ದಿನ.
ಅಷ್ಟೂ ದಿನ ಬಾಗಿಲ ಸಂದಿಗೆ ನನ್ನ ಸೀರೆ.

ಪುಟ್ಟನಂಜಿ